ಹಳೆಯ ಹಾಲಿವುಡ್ ಗೌನು, ಹಳೆಯ ಪೇಪರ್ ಪ್ಯಾಟರ್ನ್: ಒಳಗಿನ ಕಟ್ಟು ಮೊದಲು, ಹೊರಗಿನ ಅಂದ ಆಮೇಲೆ

1951ರಲ್ಲಿ ತೆರೆಕಂಡ ‘ಎ ಪ್ಲೇಸ್ ಇನ್ ದ ಸನ್’ ಚಿತ್ರದಲ್ಲಿ ಎಲಿಜಬೆತ್ ಟೇಲರ್ ತೊಟ್ಟ ಬಿಳಿ ಗೌನನ್ನು ವಿನ್ಯಾಸ ಮಾಡಿದವರು ಎಡಿತ್ ಹೆಡ್. ಕಪ್ಪು-ಬಿಳುಪು ಚಿತ್ರಗಳ ವಿಭಾಗದಲ್ಲಿ ವಸ್ತ್ರವಿನ್ಯಾಸದ ಆಸ್ಕರ್ ಆ ಚಿತ್ರಕ್ಕೇ ಬಂತು. ಭುಜಕ್ಕೆ ಪಟ್ಟಿ ಇಲ್ಲ, ಎದೆಯ ಮೇಲೆ ಪುಟ್ಟ ಹೂಗಳು, ಸೊಂಟದ ಕೆಳಗೆ ಪದರ ಪದರವಾಗಿ ನೆಟ್. ಇಂಥದ್ದನ್ನು ಹೊಲಿಯಬೇಕು ಅಂದುಕೊಂಡವರು ಮೊದಲು ನೆಟ್ಟಿಗೂ ಹೂವಿಗೂ ದುಡ್ಡು ಸುರಿಯುತ್ತಾರೆ. ಹೊಲಿದು ತೊಟ್ಟ ಮೇಲೆ ಮೇಲಂಚು ಜಾರುತ್ತದೆ, ಸೊಂಟ ಮೇಲೇರುತ್ತದೆ, ಸಂಜೆಯೆಲ್ಲ ಗೌನನ್ನು ಎಳೆದುಕೊಳ್ಳುವುದೇ ಕೆಲಸ. ಸರಿಯಾಗಿ ಹೊಲಿದ ಅಂಥ ಗೌನು ಎದೆಯಿಂದ ನೇತಾಡುವುದಿಲ್ಲ. ಒಳಗಿರುವ ಕವಚದ ಬಲದಲ್ಲಿ ಸೊಂಟದ ಮೇಲೆ ನಿಲ್ಲುತ್ತದೆ. ಆ ಕವಚ ತೆರೆಯ ಮೇಲೆ ಕಾಣದು. ಮನೆಯಲ್ಲಿ ಹೊಲಿಯುವವರಿಗೆಂದು ಮಾಡಿದ ಅಗ್ಗದ ಪ್ಯಾಟರ್ನುಗಳು (ಬಟ್ಟೆಯ ಮೇಲಿಟ್ಟು ಕತ್ತರಿಸಲು ಅಳತೆಗೆ ಮಾಡಿದ ಕಾಗದದ ತುಂಡುಗಳು) ಎಷ್ಟೋ ಸಲ ಅದನ್ನು ಸರಳಗೊಳಿಸಿಬಿಟ್ಟಿರುತ್ತವೆ, ಕೆಲವು ಪೂರಾ ಬಿಟ್ಟೇ ಬಿಟ್ಟಿರುತ್ತವೆ.

ಪ್ಯಾಟರ್ನ್ ಕೊಳ್ಳುವ ಮುನ್ನ

ಕಾಂಡೆ ನಾಸ್ಟ್ ಪ್ರಕಾಶನ ಸಂಸ್ಥೆ 1932ರಲ್ಲಿ ‘ಹಾಲಿವುಡ್’ ಎಂಬ ಹೆಸರಿನಲ್ಲೇ ಕಡಿಮೆ ಬೆಲೆಯ ಪ್ಯಾಟರ್ನುಗಳನ್ನು ತಂದಿತು. ಲಕೋಟೆಯ ಮೇಲೆ ತಾರೆಯರ ಫೋಟೋ ಇರುತ್ತಿತ್ತು. ಫೋಟೋ ಇದೆ ಎಂದಮಾತ್ರಕ್ಕೆ ಒಳಗಿರುವುದು ಆಕೆ ಸಿನಿಮಾದಲ್ಲಿ ತೊಟ್ಟ ಉಡುಪೇ ಎಂದು ತಿಳಿಯಬೇಡಿ. ಲಕೋಟೆಯಲ್ಲಿ ನೋಡಬೇಕಾದ್ದು ಮುಖವಲ್ಲ, ಹೊಲಿಗೆಯ ಗೆರೆಗಳ ಚಿತ್ರ. ಟಕ್ಸ್ (ಮೈಯ ಉಬ್ಬಿಗೆ ಹೊಂದಲು ಹೊಲಿಯುವ ಚೂಪು ಮಡಿಕೆ) ಎಲ್ಲಿ, ಜೋಡಣೆ ಎಲ್ಲಿ, ತೆರೆಯುವುದು ಎಡ ಪಕ್ಕದಲ್ಲೋ ಬೆನ್ನಲ್ಲೋ? ನಿಮಗೆ ಇಷ್ಟವಾದ ಗೌನಿನ ಸ್ಥಿರಚಿತ್ರ ಪಕ್ಕದಲ್ಲಿಟ್ಟುಕೊಂಡು ಈ ಗೆರೆಗಳನ್ನು ಹೋಲಿಸಿ. ಎದೆಭಾಗದ ಗೆರೆಗಳು ಹೊಂದಿದರೆ ಸಾಕು. ಲಂಗದ ಘೇರು, ತೋಳು, ಕಾಲರ್ ಎಲ್ಲ ಬದಲಿಸಿಕೊಳ್ಳಬಹುದಾದವು.

ಕಾಲವೂ ಮುಖ್ಯ. ಅಮೆರಿಕದಲ್ಲಿ 1942ರ ಎಲ್-85 ಎಂಬ ಯುದ್ಧಕಾಲದ ಆದೇಶ ಉಡುಪಿಗೆ ಬಳಸುವ ಬಟ್ಟೆಗೆ ಮಿತಿ ಹಾಕಿತ್ತು. ಆ ವರ್ಷಗಳ ಪ್ಯಾಟರ್ನುಗಳಲ್ಲಿ ಲಂಗ ಕಿರಿದು, ಮಡಿಕೆ ಚಿಕ್ಕದು. ತುಂಬು ಘೇರಿನ ಗೌನು ಬೇಕಿದ್ದರೆ 1947ರ ನಂತರದ್ದನ್ನು ಹುಡುಕಿ.

ಬಳಸಿದ ಪ್ಯಾಟರ್ನ್ ಕೊಳ್ಳುವಾಗ ತುಂಡುಗಳೆಲ್ಲ ಇವೆಯೇ ಎಂದು ಮಾರುವವರನ್ನು ಕೇಳಿ. ಬೆಲ್ಟು, ಕುತ್ತಿಗೆಯ ಒಳಪಟ್ಟಿ, ಕಾಲರ್ ಕಳೆದಿದ್ದರೆ ಚಿಂತೆಯಿಲ್ಲ, ಪಕ್ಕದ ತುಂಡನ್ನು ನೋಡಿ ಬರೆದುಕೊಳ್ಳಬಹುದು. ತೋಳೋ ಎದೆಭಾಗದ ಪಕ್ಕದ ತುಂಡೋ ಇಲ್ಲದಿದ್ದರೆ ಬಿಟ್ಟುಬಿಡಿ. ಹಳೆಯದನ್ನೇ ಈಗ ಮರುಮುದ್ರಿಸಿ ಮಾರುವ ಪ್ಯಾಟರ್ನುಗಳೂ ಇವೆ. ಅವುಗಳಲ್ಲಿ ಗೆರೆಗಳು ಸ್ಪಷ್ಟ, ಸೈಜುಗಳೂ ಹಲವು; ಆದರೆ ಎಷ್ಟೋ ಸಲ ಸಡಿಲ ಜಾಸ್ತಿ ಸೇರಿಕೊಂಡಿರುತ್ತದೆ. ಲಕೋಟೆಯ ಪಟ್ಟಿ ನಂಬದೆ ತುಂಡುಗಳನ್ನೇ ಟೇಪಿನಲ್ಲಿ ಅಳೆಯಿರಿ.

ಸೈಜ್ ನಂಬರನ್ನು ಮರೆತುಬಿಡಿ

ಎದೆ 34 ಇಂಚು ಇರುವವರಿಗೆ 1940ರ ದಶಕದ ಅಮೆರಿಕನ್ ಪ್ಯಾಟರ್ನಿನಲ್ಲಿ ಸೈಜ್ 16. 1950ರ ದಶಕದ ನಡುವಿನಲ್ಲಿ ಪಟ್ಟಿ ಬದಲಾದ ಮೇಲೆ ಅದೇ ಎದೆಗೆ 14. 1960ರ ದಶಕದ ಕೊನೆಯಲ್ಲಿ ಇನ್ನೊಮ್ಮೆ ಬದಲಾಗಿ 12. ಹಾಗಾಗಿ ನಂಬರ್ ನೋಡಿ ಕೊಂಡರೆ ತಪ್ಪುವುದು ಖಚಿತ. ಲಕೋಟೆಯ ಮೇಲೆ ಎದೆಯ ಸುತ್ತಳತೆ ಇಂಚಿನಲ್ಲಿ ಇದ್ದೇ ಇರುತ್ತದೆ, ಅದನ್ನು ನೋಡಿ.

ಯಾವ ಎದೆ ಅಳತೆ ಎಂಬುದು ಮುಂದಿನ ಪ್ರಶ್ನೆ. ಕಂಕುಳ ಕೆಳಗಿನಿಂದ ಎದೆಯ ಮೇಲ್ಭಾಗದಲ್ಲಿ ಒಂದು ಅಳತೆ, ತುಂಬು ಎದೆಯಲ್ಲಿ ಇನ್ನೊಂದು ಅಳತೆ ತೆಗೆದುಕೊಳ್ಳಿ. ರವಿಕೆ ಹೊಲಿಯುವವರಿಗೆ ಇದು ಹೊಸದಲ್ಲ. ಎರಡರ ನಡುವೆ ಸುಮಾರು 2 ಇಂಚು ವ್ಯತ್ಯಾಸ ಇರುತ್ತದೆ ಎಂದು ಎಣಿಸಿ ಪ್ಯಾಟರ್ನ್ ಮಾಡಿರುತ್ತಾರೆ. ನಿಮ್ಮದು 33 ಮತ್ತು 37 ಅಂದುಕೊಳ್ಳಿ. 37ರ ಪ್ಯಾಟರ್ನ್ ತಂದರೆ ಎದೆಗೆ ಸರಿ, ಭುಜ ಮತ್ತು ಕುತ್ತಿಗೆ ಹರಡಿಕೊಂಡು ಬೀಳುತ್ತದೆ. 33ಕ್ಕೆ 2 ಸೇರಿಸಿ 35ಕ್ಕೆ ಹತ್ತಿರದ್ದನ್ನು ತಂದು, ಉಳಿದ 2 ಇಂಚನ್ನು ಎದೆಯಲ್ಲಿ ಮಾತ್ರ ಬಿಡಿಸಿಕೊಳ್ಳಿ.

ಬಿಡಿಸುವುದು ಹೀಗೆ. ಬೇರೆ ಕಾಗದಕ್ಕೆ ಇಳಿಸಿಕೊಂಡ ಮುಂಭಾಗದ ತುಂಡಿನಲ್ಲಿ ಟಕ್ಸ್ ಪಾಯಿಂಟ್, ಅಂದರೆ ಎದೆಯ ಉಬ್ಬಿನ ತುದಿ ಬರುವ ಜಾಗ, ಗುರುತಿಸಿ. ಅಲ್ಲಿಂದ ಸೊಂಟದ ಟಕ್ಸಿನ ನಡುವೆ ಒಂದು ಗೆರೆ, ಕಂಕುಳ ಸುತ್ತಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಒಂದು ಗೆರೆ, ಪಕ್ಕದ ಹೊಲಿಗೆಗೆ ಒಂದು ಗೆರೆ. ಸೊಂಟದಿಂದ ಕತ್ತರಿಸುತ್ತಾ ಟಕ್ಸ್ ಪಾಯಿಂಟ್ ದಾಟಿ ಕಂಕುಳವರೆಗೆ ಹೋಗಿ, ಕೊನೆಯಲ್ಲಿ ಒಂದು ಎಳೆಯಷ್ಟು ಕಾಗದ ಉಳಿಸಿ. ಪಕ್ಕದ ಗೆರೆಯನ್ನೂ ಹಾಗೆಯೇ ಪಾಯಿಂಟಿನವರೆಗೆ ಕತ್ತರಿಸಿ. ಒಟ್ಟು 2 ಇಂಚು ಬೇಕಿದ್ದರೆ ತುಂಡು ಅರ್ಧ ಮುಂಭಾಗದ್ದಾದ್ದರಿಂದ ಪಾಯಿಂಟಿನ ಬಳಿ 1 ಇಂಚು ಬಿಡಿಸಿ, ಕೆಳಗೆ ಕಾಗದ ಅಂಟಿಸಿ. ಪಕ್ಕದಲ್ಲಿ ತಾನಾಗಿಯೇ ಹೊಸ ಟಕ್ಸ್ ತೆರೆದುಕೊಳ್ಳುತ್ತದೆ, ಸೊಂಟದ ಟಕ್ಸ್ 1 ಇಂಚು ಅಗಲವಾಗುತ್ತದೆ. ಮುಂಭಾಗದ ಉದ್ದವೂ ಹೆಚ್ಚಿರುತ್ತದೆ, ನಡುಗೆರೆಯ ಕಡೆಯ ತುಂಡನ್ನೂ ಅಷ್ಟೇ ಕೆಳಗಿಳಿಸಿ ಸೊಂಟದ ಗೆರೆ ಕೂಡಿಸಿ.

ಇಡೀ ಮೈಗೇ ಸೈಜ್ ಏರಿಸಬೇಕಿದ್ದರೆ, 2 ಇಂಚಿಗೆ ಪ್ರತಿ ಕಾಲುಭಾಗಕ್ಕೆ ಅರ್ಧ ಇಂಚು. ಅದನ್ನೆಲ್ಲ ಪಕ್ಕದ ಹೊಲಿಗೆಗೆ ತುಂಬುವುದು ಎಲ್ಲರೂ ಮಾಡುವ ತಪ್ಪು. ಭುಜ ಕಿರಿದಾಗಿಯೇ ಉಳಿದು ಕಂಕುಳ ಸುತ್ತು ಮಾತ್ರ ಬಾಯಿ ಬಿಡುತ್ತದೆ, ತೋಳು ಕೂರುವುದಿಲ್ಲ. ಕಾಲಿಂಚನ್ನು ಭುಜದ ನಡುವಿನಿಂದ ಸೊಂಟಕ್ಕೆ ಎಳೆದ ಗೆರೆಯಲ್ಲಿ, ಇನ್ನು ಕಾಲಿಂಚನ್ನು ಕಂಕುಳಿನಿಂದ ಸೊಂಟಕ್ಕೆ ಎಳೆದ ಗೆರೆಯಲ್ಲಿ ಬಿಡಿಸಿ. 4 ಇಂಚಿಗಿಂತ ಹೆಚ್ಚು ಏರಿಸಬೇಕಾದರೆ ಬೇರೆ ಪ್ಯಾಟರ್ನ್ ಹುಡುಕುವುದೇ ಲೇಸು.

ತೂತುಗಳ ಭಾಷೆ

1940ರ ದಶಕದವರೆಗಿನ ಬಹುಪಾಲು ಪ್ಯಾಟರ್ನುಗಳಲ್ಲಿ ಮುದ್ರಣವೇ ಇರುವುದಿಲ್ಲ. ತೆಳು ಕಾಗದದಲ್ಲಿ ತೂತುಗಳು, ಅಂಚಿನಲ್ಲಿ ಕಚ್ಚುಗಳು, ತುಂಡಿಗೊಂದು ಅಕ್ಷರ, ಅಷ್ಟೇ. ಸಾಮಾನ್ಯವಾಗಿ ಸಾಲಾಗಿರುವ ದೊಡ್ಡ ತೂತುಗಳು ಹಾಸಿನ ನೂಲಿನ (ಬಟ್ಟೆಯ ಉದ್ದಕ್ಕೆ ಓಡುವ ನೂಲಿನ) ದಿಕ್ಕು ತೋರಿಸುತ್ತವೆ, ಚಿಕ್ಕವು ಟಕ್ಸನ್ನೋ ನೆರಿಗೆಯನ್ನೋ ಗುರುತಿಸುತ್ತವೆ. ಮಡಿಕೆಯ ಮೇಲೆ ಇಡಬೇಕಾದ ಅಂಚಿಗೆ ಬೇರೆ ಗುರುತು. ಒಂದು ಕಂಪನಿಯ ಗುರುತು ಇನ್ನೊಂದಕ್ಕೆ ಹೊಂದದು, ಆದ್ದರಿಂದ ಸೂಚನೆಯ ಹಾಳೆಯಲ್ಲಿರುವ ಕೀಲಿ ಓದದೆ ಕತ್ತರಿ ಹಿಡಿಯಬೇಡಿ. ಮಾರ್ಜಿನ್, ಅಂದರೆ ಹೊಲಿಗೆಯ ಗೆರೆಯಾಚೆ ಬಿಡುವ ಬಟ್ಟೆ, ಎಷ್ಟೆಂದು ಕೂಡ ಅಲ್ಲೇ ಬರೆದಿರುತ್ತದೆ. ಈಗಿನ ಪ್ಯಾಟರ್ನುಗಳಂತೆ ಎಲ್ಲ ಕಡೆ 5/8 ಇಂಚು ಎಂದು ಹಿಡಿದು ಹೊಲಿದರೆ, 3/8 ಇಂಚು ಬಿಟ್ಟಿರುವ ಪ್ಯಾಟರ್ನಿನಲ್ಲಿ ಪ್ರತಿ ಜೋಡಣೆಗೂ ಅರ್ಧ ಇಂಚು ಹೋಗುತ್ತದೆ. ಆರು ಜೋಡಣೆಯ ಎದೆಭಾಗದಲ್ಲಿ ಅದು 3 ಇಂಚು!

ಮೂಲ ಕಾಗದವನ್ನು ಎಂದೂ ಕತ್ತರಿಸಬೇಡಿ. ಹಳೆಯ ಕಾಗದ ಮಡಿಕೆಗಳಲ್ಲಿ ಪುಡಿಯಾಗುತ್ತದೆ. ಅತಿ ಕಡಿಮೆ ಬಿಸಿಯಲ್ಲಿ, ಹಬೆ ಇಲ್ಲದೆ, ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿ. ಹಬೆ ತಾಗಿದರೆ ಕಾಗದ ಹಿಗ್ಗಿ ಅಳತೆ ಕೆಡುತ್ತದೆ. ಆಮೇಲೆ ಬಟರ್ ಪೇಪರಿಗೆ ಇಳಿಸಿಕೊಳ್ಳಿ. ಇಳಿಸುವಾಗ ಹೊಲಿಗೆಯ ಗೆರೆಯನ್ನೇ ಬರೆದು, ಮಾರ್ಜಿನ್ ಹೊಸದಾಗಿ 1 ಇಂಚು ಬಿಡಿ. ಮುಂದಿನ ತಿದ್ದುಪಡಿಗೆಲ್ಲ ಅದೇ ಆಧಾರ.

ಕೋರಾ ಬಟ್ಟೆಯಲ್ಲಿ ಒಂದು ಪ್ರಯೋಗ

ಇದನ್ನು ಬಿಟ್ಟು ಮುಂದೆ ಹೋದವರು ಟಫೆಟಾದಂಥ ಗರಿಗರಿ ಹೊರಬಟ್ಟೆ ಹಾಳುಮಾಡಿಕೊಂಡೇ ಕಲಿಯುತ್ತಾರೆ. ಮಧ್ಯಮ ದಪ್ಪದ ಕೋರಾ ಬಟ್ಟೆ 2 ಮೀಟರ್ ಎದೆಭಾಗಕ್ಕೆ ಸಾಕು. ಹಳೆಯ ಸೀರೆ ಬೇಡ, ಅದು ಮೆತ್ತಗಾಗಿ ಮೈಗೆ ಅಂಟಿ ತಪ್ಪುಗಳನ್ನು ಮುಚ್ಚಿಬಿಡುತ್ತದೆ. ದೊಡ್ಡ ಹೊಲಿಗೆಯಲ್ಲಿ, 4 ಮಿಲಿಮೀಟರಿಗೆ ಇಟ್ಟು ಹೊಲಿಯಿರಿ. ನಡುಗೆರೆ, ಎದೆಗೆರೆ, ಸೊಂಟದ ಗೆರೆ ಪೆನ್ಸಿಲಿನಲ್ಲಿ ಎಳೆದಿರಲಿ. ಗೌನಿನ ಜೊತೆ ತೊಡುವ ಒಳ ಉಡುಪನ್ನೇ ಹಾಕಿಕೊಂಡು ನೋಡಿ. 1950ರ ದಶಕದ ಒಳ ಉಡುಪು ಎದೆಯನ್ನು ಎತ್ತಿ ಚೂಪಾಗಿಸುತ್ತಿದ್ದುದರಿಂದ ಆಗಿನ ಪ್ಯಾಟರ್ನಿನಲ್ಲಿ ಟಕ್ಸ್ ಪಾಯಿಂಟ್ ಈಗಿನದಕ್ಕಿಂತ ಅರ್ಧದಿಂದ ಒಂದು ಇಂಚು ಮೇಲಿರುವುದು ಸಾಮಾನ್ಯ. ಭುಜದಿಂದ ಪಾಯಿಂಟಿಗೆ ನಿಮ್ಮ ಅಳತೆ ತೆಗೆದು ಟಕ್ಸನ್ನು ಇಡಿಯಾಗಿ ಇಳಿಸಿ, ತುದಿಯನ್ನು ಮಾತ್ರ ಎಳೆಯಬೇಡಿ.

ಎದೆಯಿಂದ ಪಕ್ಕದ ಸೊಂಟಕ್ಕೆ ಓರೆಯಾಗಿ ಸುಕ್ಕು ಎಳೆದರೆ ಎದೆಯಲ್ಲಿ ಜಾಗ ಸಾಲದು. ಸೊಂಟದ ಸುತ್ತ ಅಡ್ಡ ಮಡಿಕೆ ಬಿದ್ದರೆ ಎದೆಭಾಗ ಉದ್ದ. ಕೆಳಗಿನ ಅಂಚನ್ನು ಕತ್ತರಿಸದೆ ಎದೆಯ ಕೆಳಗೂ ಸೊಂಟಕ್ಕೂ ನಡುವೆ ಅಡ್ಡಲಾಗಿ ಮಡಚಿ ಕಡಿಮೆ ಮಾಡಿ. ಅಂಚು ಕತ್ತರಿಸಿದರೆ ಸೊಂಟದ ಅತಿ ಕಿರಿದಾದ ಜಾಗವೇ ಹೋಗಿ ಲಂಗ ಸೇರಿಸುವಾಗ ಅಳತೆ ಕೂಡದು. ಮೇಲಂಚು ಬಾಯಿ ಬಿಟ್ಟರೆ ಪ್ರಿನ್ಸೆಸ್ ಹೊಲಿಗೆಯಲ್ಲಿ (ಎದೆಯ ಮೇಲಿಂದ ಸೊಂಟಕ್ಕಿಳಿಯುವ ಉದ್ದ ಜೋಡಣೆಯಲ್ಲಿ) ಕಾಲಿಂಚು ಚಿವುಟಿ.

ತೋಳಿನ ಗೌನಾದರೆ ಕಂಕುಳು ಬಿಗಿ ಅನಿಸುತ್ತದೆ, ಕೂಡಲೇ ಕತ್ತರಿಸಿ ಆಳ ಮಾಡಲು ಕೈ ಹೋಗುತ್ತದೆ. ತಾಳಿ. ಆಗಿನ ಕಂಕುಳ ಸುತ್ತು ಮೇಲೆಯೇ ಇರುತ್ತಿತ್ತು; ಕೈ ಎತ್ತಿದರೂ ಉಡುಪು ಮೇಲೇಳದಿರುವುದು ಅದರಿಂದಲೇ. ಬಿಗಿ ಇರುವುದು ತೋಳಿನ ದಪ್ಪ ಭಾಗದಲ್ಲಿ. ತೋಳಿನ ತುಂಡನ್ನು ಉದ್ದಕ್ಕೆ ಸೀಳಿ ಅರ್ಧದಿಂದ ಒಂದು ಇಂಚು ಬಿಡಿಸಿ.

ಒಳಕವಚ

ತಿದ್ದಿದ ಪ್ರಯೋಗದ ಬಟ್ಟೆಯನ್ನು ಬಿಚ್ಚಿದರೆ ಅದೇ ಕವಚದ ಪ್ಯಾಟರ್ನ್. ಬಿಗಿ ನೇಯ್ಗೆಯ ಪಾಪ್ಲಿನ್ ಅಥವಾ ತೆಳು ಡ್ರಿಲ್, ಎರಡು ಪದರ. 44 ಇಂಚು ಅಗಲದ್ದು ಒಂದೂವರೆ ಮೀಟರ್ ಬೇಕಾಗುತ್ತದೆ. ಮೊದಲೇ ನೀರಿಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿ. ಕವಚ ಸೊಂಟದಿಂದ 2–3 ಇಂಚು ಕೆಳಗೂ ಇಳಿಯಲಿ, ಅಲ್ಲಿ ಪ್ರತಿ ಜೋಡಣೆಯನ್ನೂ ಹೊರಗೆ ಹರಡಿಸಿ, ಇಲ್ಲದಿದ್ದರೆ ಮೇಲಕ್ಕೆ ಉರುಳುತ್ತದೆ. ಭುಜಪಟ್ಟಿ ಇಲ್ಲದ ಗೌನಿಗೆ ಸಡಿಲವೇ ಬೇಡ. ಮೇಲಂಚಿನ ಒಟ್ಟು ಸುತ್ತಳತೆ ಮೈಗಿಂತ ಅರ್ಧ ಇಂಚು ಕಡಿಮೆಯೇ ಇರಲಿ. ಆ ಅಂಚು ಓರೆಗೆ, ಅಂದರೆ ನೂಲಿನ ದಿಕ್ಕಿಗೆ ವಾರೆಯಾಗಿ, ಬರುವುದರಿಂದ ಹಿಗ್ಗುತ್ತದೆ. ಕಾಲಿಂಚಿನ ಕಾಟನ್ ಟೇಪನ್ನು ಅಂಚಿನ ಉದ್ದಕ್ಕಿಂತ ಅರ್ಧ ಇಂಚು ಕಡಿಮೆ ಕತ್ತರಿಸಿ, ಎಳೆದು ಕೂಡಿಸಿ ಹೊಲಿಯಿರಿ.

ಬೋನಿಂಗ್ ಎಂದರೆ ಕವಚ ಕುಸಿಯದಂತೆ ಹೊಲಿಗೆಗಳ ಉದ್ದಕ್ಕೆ ಹಾಕುವ, ಈಗ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿ. ಒಂದು ಕವಚಕ್ಕೆ 3 ಮೀಟರ್ ತನ್ನಿ. ಸುರುಳಿಯಲ್ಲಿ ಇದ್ದದ್ದರಿಂದ ಬಾಗಿರುತ್ತದೆ, ಬಟ್ಟೆಯ ಅಡಿಯಲ್ಲಿಟ್ಟು ಕಡಿಮೆ ಬಿಸಿಯಲ್ಲಿ ಒತ್ತಿ ನೇರ ಮಾಡಿ. ಉಳಿದ ಸ್ವಲ್ಪ ಬಾಗು ಮೈಯ ಕಡೆಗೇ ಇರುವಂತೆ ಹಾಕಿ. ತಿರುಗಿಸಿ ಹಾಕಿದರೆ ಮೇಲಂಚು ಹೊರಕ್ಕೆ ಚಾಚಿ ನಿಲ್ಲುತ್ತದೆ. ಪಕ್ಕದ ಹೊಲಿಗೆ ಎರಡು, ಮುಂದಿನ ಪ್ರಿನ್ಸೆಸ್ ಹೊಲಿಗೆ ಎರಡು, ಹಿಂದಿನದು ಎರಡು, ತೆರೆಯುವ ಜಾಗದ ಇಕ್ಕೆಲದಲ್ಲಿ ಒಂದೊಂದು. ಮುಂದಿನ ಪ್ರಿನ್ಸೆಸ್ ಹೊಲಿಗೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಎದೆಯ ಉಬ್ಬಿನ ಮೇಲೆ ಹತ್ತಿದರೆ ಉಬ್ಬನ್ನು ಚಪ್ಪಟೆ ಮಾಡುತ್ತದೆ, ಎದೆಯ ಬುಡಕ್ಕೆ ನಿಲ್ಲಿಸಿ. ಎರಡೂ ಪಕ್ಕಕ್ಕೆ ಬಾಗುವ ಸ್ಟೀಲ್ ಸುರುಳಿಯ ಬೋನ್ ಸಿಕ್ಕರೆ ಮಾತ್ರ ಮೇಲಂಚಿನವರೆಗೆ ಒಯ್ಯಬಹುದು. ಪಟ್ಟಿಯ ತುದಿಗಳನ್ನು ದುಂಡಗೆ ಕತ್ತರಿಸಿ, ಬೆಂಕಿಗೆ ತಾಗಿಸಿ ನಯಗೊಳಿಸಿ, ತುಂಡು ಟೇಪು ಸುತ್ತಿ ಹೊಲಿಯಿರಿ. ಅಡ್ಡ ಹೊಲಿಗೆಗೂ ಬೋನಿನ ತುದಿಗೂ ಕಾಲಿಂಚು ಬಿಡುವು ಇರಲಿ. ಈ ಬಿಡುವು ಇಲ್ಲದಿದ್ದರೆ ಕೂತಾಗ ಬೋನು ಬಟ್ಟೆಯನ್ನು ತೂರಿ ಹೊರಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಅಗ್ಗದ ತುಂಡು ಸೊಂಟದ ಒಳಪಟ್ಟಿ. ಒಂದಿಂಚು ಅಗಲದ ಗಟ್ಟಿ ಗ್ರೋಗ್ರೇನ್ (ಅಡ್ಡ ಗೀರುಗಳ) ರಿಬ್ಬನ್, ಒಂದು ಮೀಟರ್. ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಉಸಿರಾಡುವಷ್ಟು ಬಿಟ್ಟು, ತುದಿಗೆ ದೊಡ್ಡ ಹುಕ್ಕು ಎರಡು. ಪ್ರತಿ ಜೋಡಣೆಯ ಮಾರ್ಜಿನ್ನಿಗೆ ಮಾತ್ರ ಕೈಹೊಲಿಗೆ ಹಾಕಿ, ತೆರೆಯುವ ಜಾಗದ ಎರಡೂ ಕಡೆ 2 ಇಂಚು ಬಿಡಿಯಾಗಿರಲಿ. ತೊಡುವಾಗ ಮೊದಲು ಪಟ್ಟಿಯ ಹುಕ್ಕು, ಆಮೇಲೆ ಕವಚದ ಹುಕ್ಕು, ಕೊನೆಗೆ ಜಿಪ್ಪು. ಲಂಗದ ಭಾರವೆಲ್ಲ ಈ ಪಟ್ಟಿಗೆ ಬೀಳುತ್ತದೆ, ಜಿಪ್ಪಿಗೆ ಎಳೆತ ಇರುವುದಿಲ್ಲ.

ಕವಚಕ್ಕೂ ಹೊರಗಿನ ಎದೆಭಾಗಕ್ಕೂ ತೆರೆಯುವ ಜಾಗ ಒಂದೇ ಕಡೆ ಇರಬೇಕು. ಹೊರಪದರದಲ್ಲಿ ಸಾಮಾನ್ಯ ಜಿಪ್ಪನ್ನೇ ಮಡಿಕೆಯಡಿ ಮುಚ್ಚಿ ಕೈಯಲ್ಲಿ ಚುಕ್ಕಿ ಹೊಲಿಗೆ ಹಾಕಿ ಕೂಡಿಸಿ. ಕಣ್ಣಿಗೆ ಕಾಣದ ಕನ್ಸೀಲ್ಡ್ ಜಿಪ್ಪು ಸೊಂಟದ ದಪ್ಪ ಜೋಡಣೆಯ ಬಳಿ ಸಿಕ್ಕಿಹಾಕಿಕೊಂಡು ಕಿತ್ತುಬರುವುದು ಹೆಚ್ಚು.

ಎದೆಭಾಗದ ಹೊರಬಟ್ಟೆಗೆ ಟಫೆಟಾ ಅಥವಾ ಬೆಂಗಳೂರಿನ ರಾ ಸಿಲ್ಕ್ ಚೆನ್ನಾಗಿ ನಿಲ್ಲುತ್ತದೆ. ಸಾಟಿನ್ ತೆಳುವಾದರೆ ಒಳಗಿನ ಬೋನಿನ ಗೆರೆ ಎದ್ದು ಕಾಣುತ್ತದೆ. ನಡುವೆ ಫ್ಲಾನೆಲ್ ಪದರ ಒಂದು ಹಾಕಿ. ಮೇಲಂಚಿನಲ್ಲಿ ಹೊರಪದರ ಮತ್ತು ಕವಚವನ್ನು ಕೂಡಿಸಿ ತಿರುಗಿಸಿ, ಲಂಗವನ್ನು ಹೊರಪದರಕ್ಕೆ ಮಾತ್ರ ಜೋಡಿಸಿ, ಆ ಜೋಡಣೆಯನ್ನು ಒಳಪಟ್ಟಿಗೆ ಅಲ್ಲಲ್ಲಿ ಕೈಹೊಲಿಗೆಯಲ್ಲಿ ಕಟ್ಟಿ.

ಲಂಗ ಮತ್ತು ಅದನ್ನು ಎತ್ತಿಹಿಡಿಯುವ ನೆಟ್

ಹಳೆಯ ಲಕೋಟೆ 35 ಅಥವಾ 39 ಇಂಚು ಅಗಲದ ಬಟ್ಟೆಗೆ ಲೆಕ್ಕ ಕೊಟ್ಟಿರುತ್ತದೆ. ಗಜವನ್ನು ಹಳೆಯ ಅಗಲದಿಂದ ಗುಣಿಸಿ ಹೊಸ ಅಗಲದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ: 35 ಇಂಚಿನದು 5 ಗಜ ಎಂದಿದ್ದರೆ 44 ಇಂಚಿನದು 4 ಗಜ. ಎದೆಭಾಗದಂಥ ಚಿಕ್ಕ ತುಂಡುಗಳಿಗೆ ಇದು ಸರಿ. ವೃತ್ತಾಕಾರದ ಲಂಗಕ್ಕೆ ಈ ಲೆಕ್ಕ ಕೈಕೊಡುತ್ತದೆ.

ಪೂರ್ಣ ವೃತ್ತದ ಲಂಗಕ್ಕೆ ಸೊಂಟದ ಅಳತೆಯನ್ನು 6.28ರಿಂದ ಭಾಗಿಸಿ. ಸೊಂಟ 28 ಆದರೆ ಸುಮಾರು ನಾಲ್ಕೂವರೆ ಇಂಚು ತ್ರಿಜ್ಯ. ಮೇಲಿನ ಮಾರ್ಜಿನ್ ಅರ್ಧ ಇಂಚು ಕಳೆದು 4 ಇಂಚಿಗೆ ಕತ್ತರಿಸಿ. ಆ ಬಾಯಿಯ ಓರೆ ಭಾಗಗಳು ಕತ್ತರಿಸಿದ ಕ್ಷಣದಿಂದಲೇ ಹಿಗ್ಗತೊಡಗುತ್ತವೆ. ಹೊಲಿಗೆಯ ಗೆರೆಗಿಂತ ಸ್ವಲ್ಪ ಮೇಲೆ, ಮಾರ್ಜಿನ್ನಿನೊಳಗೇ, ಕೂಡಲೇ ಒಂದು ಸುತ್ತು ಹೊಲಿಗೆ ಹಾಕಿ. 28 ಇಂಚು ಉದ್ದದ ಲಂಗಕ್ಕೆ ಮಡಿಕೆ ಸೇರಿ ಹೊರ ತ್ರಿಜ್ಯ ಸುಮಾರು 34 ಇಂಚು. ಎರಡು ಅರ್ಧವೃತ್ತ ಸಾಲಾಗಿಟ್ಟರೆ 136 ಇಂಚು, ಅಂದರೆ 36 ಇಂಚಿನದಾದರೂ 44 ಇಂಚಿನದಾದರೂ ಮೂರೂವರೆ ಮೀಟರೇ ಬೇಕು.

ಕೆಳಗೆ ಮಡಚುವ ಮುಂಚೆ ಲಂಗವನ್ನು ಸೊಂಟದಿಂದ ನೇತುಹಾಕಿ ಒಂದು ಹಗಲು ಒಂದು ರಾತ್ರಿ ಬಿಡಿ. ಓರೆ ಭಾಗಗಳು ಇಳಿದು ಅಂಚು ಅಂಕುಡೊಂಕಾಗುತ್ತದೆ. ಆಮೇಲೆ ತೊಟ್ಟು ನಿಂತು, ನೆಲದಿಂದ ಸ್ಕೇಲ್ ಇಟ್ಟು ಬೇರೆಯವರಿಂದ ಸುತ್ತಲೂ ಗುರುತು ಹಾಕಿಸಿ. ವೃತ್ತದ ಅಂಚಿಗೆ ಅರ್ಧ ಇಂಚಿಗಿಂತ ಅಗಲ ಮಡಿಕೆ ಕೂರುವುದಿಲ್ಲ.

ಒಳಗಿನ ನೆಟ್ ಲಂಗ ಹೊರಗಿನದಕ್ಕಿಂತ 1 ಇಂಚು ಗಿಡ್ಡ, 27 ಎಂದಿಟ್ಟುಕೊಳ್ಳಿ. ಮೇಲಿನ 9 ಇಂಚು ಕಾಟನ್ ಲೈನಿಂಗ್, ಯಾಕೆಂದರೆ ನೆಟ್ ಸೊಂಟದಿಂದಲೇ ಆರಂಭವಾದರೆ ಹೊಟ್ಟೆ ದಪ್ಪ ಕಾಣುತ್ತದೆ. ಅದರ ಕೆಳಗೆ 9 ಇಂಚಿನ ಎರಡು ಅಂತಸ್ತು. 44 ಇಂಚು ಅಗಲದ ಕ್ಯಾನ್‌ಕ್ಯಾನ್ ನೆಟ್ಟನ್ನು 10 ಇಂಚಿನ ಪಟ್ಟಿಗಳಾಗಿ ಕತ್ತರಿಸಿ: ಮೊದಲ ಅಂತಸ್ತಿಗೆ 2, ಎರಡನೆಯದಕ್ಕೆ 4. ಒಂದು ಪದರಕ್ಕೆ ಒಂದೂವರೆ ಮೀಟರ್, ಎರಡು ಪದರಕ್ಕೆ 3 ಮೀಟರ್. ಕಾಲು ಮೀಟರ್ ಹೆಚ್ಚೇ ತನ್ನಿ. ಉದ್ದಕ್ಕೆ ನೂಲು ಎಳೆದು ಫ್ರಿಲ್ ಮಾಡುವಾಗ ಗಟ್ಟಿ ನೆಟ್ ನೂಲನ್ನು ಕತ್ತರಿಸುತ್ತದೆ. ದಪ್ಪ ನೂಲಿನ ಮೇಲೆ ಅಗಲ ಜಿಗ್‌ಜಾಗ್ ಹಾಕಿ, ಆ ನೂಲನ್ನು ಎಳೆಯಿರಿ. ಕಾಲಿಗೆ ಉಜ್ಜದಂತೆ ಎಲ್ಲಕ್ಕೂ ಒಳಗೆ ಮೆತ್ತಗಿನ ಲೈನಿಂಗ್ ಒಂದು ಬೇಕೇ ಬೇಕು.

1930ರ ದಶಕದ ಓರೆ ಕಟ್ ಗೌನಿಗೆ ಬೇರೆ ನಿಯಮ

1933ರ ‘ಡಿನ್ನರ್ ಅಟ್ ಎಯ್ಟ್’ನಲ್ಲಿ ಜೀನ್ ಹಾರ್ಲೋ ತೊಟ್ಟ, ಏಡ್ರಿಯನ್ ವಿನ್ಯಾಸದ ಸಾಟಿನ್ ಗೌನಿನಂಥವಕ್ಕೆ ಮೇಲಿನ ಕವಚ ಬೇಡವೇ ಬೇಡ. ಅಲ್ಲಿ ಕೆಲಸ ಮಾಡುವುದು ಓರೆ ನೂಲು. ಬಟ್ಟೆಯನ್ನು ಮಡಚದೆ ಒಂದೇ ಪದರದಲ್ಲಿ, ಅಡಿಯಲ್ಲಿ ಕಾಗದ ಹಾಸಿ ಕತ್ತರಿಸಿ. ಮಾರ್ಜಿನ್ 1 ಇಂಚು ಬಿಡಿ. ಅರ್ಧ ಮಿಲಿಮೀಟರ್ ಅಗಲದ ಸಣ್ಣ ಜಿಗ್‌ಜಾಗಿನಲ್ಲಿ ಹೊಲಿದರೆ ಬಟ್ಟೆ ಹಿಗ್ಗಿದಾಗ ನೂಲು ಕಡಿಯದು. ಓವರ್‌ಲಾಕ್ ಹಾಕಿದರೆ ಜೋಡಣೆ ಅಲೆಅಲೆಯಾಗುತ್ತದೆ, ಅಂಚಿಗೆ ಏನೂ ಹಾಕದೆ ಹಾಗೇ ಬಿಡಿ, ಓರೆ ಅಂಚು ಎಳೆ ಬಿಡುವುದು ಕಡಿಮೆ. ಎಡ ಪಕ್ಕದಲ್ಲಿ ಜಿಪ್ಪಿಗಿಂತ ಪ್ರೆಸ್ ಬಟನ್ ಸಾಲು ಒಳ್ಳೆಯದು, ಜಿಪ್ಪು ಹಿಗ್ಗದೆ ಅಲ್ಲಿ ಗುಳ್ಳೆ ಏಳುತ್ತದೆ.

ಈ ಗೌನಿಗೆ ಮೈಸೂರು ಸಿಲ್ಕಿನ ಕ್ರೇಪ್ ಹೇಳಿ ಮಾಡಿಸಿದ ಬಟ್ಟೆ: ಭಾರ ಇದೆ, ಬಿಗಿತ ಇಲ್ಲ. ಹಳೆಯ ಸೀರೆಯಲ್ಲಿ ಕತ್ತರಿಸುವುದಾದರೆ ಜರಿ ಅಂಚನ್ನು ತುಂಡಿನೊಳಗೆ ಬರಲು ಬಿಡಬೇಡಿ. ಜರಿ ಹಿಗ್ಗುವುದಿಲ್ಲ, ಪಕ್ಕದ ರೇಷ್ಮೆ ಹಿಗ್ಗುತ್ತದೆ, ಗಡಿಯುದ್ದಕ್ಕೂ ಸುಕ್ಕು ನಿಲ್ಲುತ್ತದೆ. ಮಡಿಕೆ ಗೆರೆಗಳಲ್ಲಿ ಸವೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಸವೆದ ಜಾಗ ಎದೆಗೋ ಕುಳಿತುಕೊಳ್ಳುವ ಭಾಗಕ್ಕೋ ಬರದಂತೆ ತುಂಡುಗಳನ್ನು ಜೋಡಿಸಿ. ಓರೆ ಗೌನನ್ನು ನೇತುಹಾಕಿ ಇಟ್ಟರೆ ಉದ್ದವಾಗುತ್ತಲೇ ಹೋಗುತ್ತದೆ, ಮಡಚಿ ಕಪಾಟಿನಲ್ಲಿಡಿ. ಕವಚದ ಗೌನನ್ನು ಮಾತ್ರ ಹ್ಯಾಂಗರಿಗೆ ಹಾಕಬಹುದು, ಅದೂ ಮೇಲಂಚಿನಿಂದಲ್ಲ, ಸೊಂಟದ ಒಳಪಟ್ಟಿಗೆ ಹೊಲಿದ ಎರಡು ಉದ್ದ ರಿಬ್ಬನ್ ಕುಣಿಕೆಗಳಿಂದ.